ದಿಬ್ಬ ಇರಲಿ, ದನದ ಕಾಲು ಸಿಕ್ಕಿದ ತೂತಿನ ಕತೆ ಹೇಳಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯ ಮೇಲ್ಬದಿಗೆ ದೊಡ್ಡ ಪದವು, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲು, ಇದೆ. ಬರೀ ಮುರಕಲ್ಲು, ಮುಳಿಹುಲ್ಲು, ಅಲ್ಲಲ್ಲಿ ಗೇರುಮರ. ಅದರ ನಡುವೆ ಒಂದು ದುಂಡಗಿನ ದಿಬ್ಬ. ಹನ್ನೆರಡು ಹೆಜ್ಜೆ ಅಗಲ, ನನ್ನ ಸೊಂಟದಷ್ಟು ಎತ್ತರ. ಗೂಗಲ್ ಅರ್ಥ್‌ನಲ್ಲಿ ನೋಡಿದರೆ ಸರಿಯಾದ ವೃತ್ತದ ಹಾಗೆ ಕಾಣುತ್ತದೆ. ಇಂಗ್ಲೆಂಡಿನ ಬಯಲುಗಳಲ್ಲಿ ಆದಿಮಾನವರ ಸಮಾಧಿ ದಿಬ್ಬ ಹುಡುಕುವ ಒಂದು ವಿಡಿಯೋ ನೋಡಿದ್ದೆ. ಇದೂ ಅದೇ ತರ ಇದೆ. ‘ಆ ಕಡೆ ಹೋಗಬೇಡ’ ಎಂದು ಅಜ್ಜಿ ಹೇಳುತ್ತಿದ್ದರು. ಹೋದ ಮಳೆಗಾಲದಲ್ಲಿ ದಿಬ್ಬದಿಂದ ಸ್ವಲ್ಪ ಆಚೆ ನಮ್ಮ ದನದ ಕಾಲು ಒಂದು ತೂತಿನಲ್ಲಿ ಸಿಕ್ಕಿ ಒದ್ದಾಡಿತು. ಮತ್ತೆ ಅದಕ್ಕೆ ಕಲ್ಲು ಇಟ್ಟು ಮುಚ್ಚಿದೆವು. ಇದು ಸಮಾಧಿ ದಿಬ್ಬ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಒಂದೆರಡು ಅಡಿ ಅಗೆದು ನೋಡಬಹುದಾ?

ಉತ್ತರ: ಅಗೆಯಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಎಂಬುದು ಆಮೇಲೆ ಬರುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ದಿಬ್ಬದ ಮೇಲೆಯೇ ಇತ್ತು. ಎರಡನೇ ಸಲ ದನದ ಹತ್ತಿರ ಹೋಗಿ ನಿಂತಿತು. ದಿಬ್ಬವನ್ನು ನೀವು ಹೆಜ್ಜೆ ಹಾಕಿ ಅಳೆದಿದ್ದೀರಿ, ಮೇಲಿನಿಂದ ನೋಡಿದ್ದೀರಿ, ವಿಡಿಯೋಗೆ ಹೋಲಿಸಿದ್ದೀರಿ. ತೂತಿಗೆ ಸಿಕ್ಕಿದ್ದು ಎರಡೇ ಸಾಲು, ಅದೂ ದನದ ದೆಸೆಯಿಂದ. ನನಗೆ ಅನಿಸುವುದು ಉಲ್ಟಾ. ದಿಬ್ಬ ಬಹುಶಃ ಏನೂ ಅಲ್ಲ. ತೂತು ಏನಾದರೂ ಆಗಿರಬಹುದು.

ನೀವು ನೋಡಿದ ವಿಡಿಯೋ ಸುಳ್ಳು ಹೇಳಿಲ್ಲ. ಅಲ್ಲಿಯ ಮಟ್ಟಿಗೆ ಅದು ಸರಿ. ಇಂಗ್ಲೆಂಡಿನ ಹೀತ್ ಎಂದರೆ ಹುಳಿ ಗುಣದ, ಹೆಚ್ಚಾಗಿ ಮರಳು ಮಣ್ಣಿನ ಬಯಲು. ಹೀದರ್ ಎಂಬ ಕುರುಚಲು ಗಿಡ, ಮುಳ್ಳುಪೊದೆ ಬಿಟ್ಟರೆ ಬೆಳೆ ಸರಿಯಾಗಿ ಬಾರದು. ನೇಗಿಲು ಹೆಚ್ಚು ಆಡದ ಕಾರಣ ಕಂಚಿನ ಯುಗದ ದುಂಡು ದಿಬ್ಬಗಳು ಅಲ್ಲಿ ಇನ್ನೂ ಉಳಿದಿವೆ. ಹೆಚ್ಚುಕಡಿಮೆ ನಾಲ್ಕು ಸಾವಿರ ವರ್ಷ ಹಳೆಯವು. ಹಲವು ದಿಬ್ಬಗಳಲ್ಲಿ ಸುತ್ತಲೂ ಒಂದು ಕಣಿ ತೋಡಿ, ಆ ಮಣ್ಣನ್ನೇ ನಡುವೆ ರಾಶಿ ಹಾಕಿದ್ದಾರೆ. ಹಾಗಾಗಿ ಅಲ್ಲಿ ಹುಡುಕುವವರು ಉಬ್ಬಿನ ಜೊತೆಗೆ ಅದರ ಸುತ್ತಲಿನ ತಗ್ಗನ್ನೂ ನೋಡುತ್ತಾರೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆದ ಲೈಡಾರ್ ನಕ್ಷೆ ಅಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಆ ಸೌಕರ್ಯ ಇಲ್ಲ. ಸರ್ವೆ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಒಂದು ಎತ್ತರದ ಗೆರೆಗೂ ಮುಂದಿನ ಗೆರೆಗೂ 20 ಮೀಟರ್ ಅಂತರ. ನಿಮ್ಮ ಸೊಂಟದೆತ್ತರದ ದಿಬ್ಬ ಅದರಲ್ಲಿ ಎಲ್ಲಿ ಕಾಣಬೇಕು?

ನಕ್ಷೆ ಇಲ್ಲದಿದ್ದರೂ ಪರವಾಗಿಲ್ಲ ಅನ್ನಿ. ಮುಖ್ಯ ವ್ಯತ್ಯಾಸ ಇರುವುದು ಕಲ್ಲಿನಲ್ಲಿ.

ಮುರಕಲ್ಲಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಕಂಡು ಬೆರಗಾಗಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಬರಹದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆಗೆ ಇರುವ ಲ್ಯಾಟಿನ್ ಮಾತಿನಿಂದ ಮಾಡಿದ ಹೆಸರು. ನಮ್ಮ ಕಲ್ಲು ಕಡಿಯುವವರಿಗೆ ಈ ವಿಷಯ ತಿಳಿಯಲು ಬುಕಾನನ್ ಬೇಕಾಗಿರಲಿಲ್ಲ. ಅವರಿಗಿಂತ ಎರಡು ಸಾವಿರ ವರ್ಷ ಹಿಂದೆ ಇಲ್ಲಿ ಇದ್ದವರಿಗೂ ಬೇಕಾಗಿರಲಿಲ್ಲ. ಪದವಿನ ಮೇಲೆ ಮಣ್ಣು ಎಷ್ಟಿದೆ? ಎರಡು ಬೆರಳು, ಜಾಸ್ತಿ ಎಂದರೆ ಒಂದು ಗೇಣು. ಅಲ್ಲಿ ಮಣ್ಣಿನ ದಿಬ್ಬ ಕಟ್ಟಬೇಕಾದರೆ ಮಣ್ಣನ್ನು ಹೊತ್ತು ತರಬೇಕು. ಕೆಳಕ್ಕೆ ಕೊರೆಯುವುದಾದರೆ ಕಲ್ಲೇ ಒಪ್ಪಿಕೊಳ್ಳುತ್ತದೆ. ಸತ್ತವರ ಗೋರಿಗೆಂದು ಅವರು ಕಲ್ಲಿನೊಳಗೇ ಕೋಣೆ ಕೊರೆದರು.

ಹೇಗೆ ಕೊರೆದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಹುಡುಕಬೇಕಾದ್ದು ಅದನ್ನೇ. ಮೊದಲು ಮೇಲಿನಿಂದ ಉದ್ದ ಚೌಕದ ಒಂದು ಗುಂಡಿ, ಅಂಗಳದ ಹಾಗೆ. ಇಳಿಯಲು ಒಂದೆರಡು ಮೆಟ್ಟಿಲು. ಗುಂಡಿಯ ಗೋಡೆಯಲ್ಲಿ ಸಣ್ಣ ಚೌಕ ಬಾಗಿಲು, ಮನುಷ್ಯ ತೆವಳಿಕೊಂಡು ಹೋಗುವಷ್ಟು ಮಾತ್ರ. ಬಾಗಿಲಿಗೆ ಒಂದು ಚಪ್ಪಡಿ. ಒಳಗೆ ದುಂಡು ಕೋಣೆ. ಅದರ ಮಾಡು ಕವುಚಿ ಹಾಕಿದ ಬೋಗುಣಿಯ ಹಾಗೆ. ಕೆಲವು ಕಡೆ ಗೋಡೆಗೆ ಒತ್ತಿ ಜಗಲಿ ಉಂಟು, ಕೆಲವು ಕಡೆ ನಡುವೆ ಕಂಬವೂ ಉಂಟು. ಯಾವುದನ್ನೂ ಹೊರಗಿನಿಂದ ತಂದು ಇಟ್ಟದ್ದಲ್ಲ, ಅದೇ ಕಲ್ಲಿನಲ್ಲಿ ಬಿಟ್ಟುಕೊಂಡದ್ದು. ಒಂದೇ ಅಂಗಳದ ಎರಡು ಮೂರು ಬದಿಗೆ ಬೇರೆ ಬೇರೆ ಕೋಣೆ ಕೊರೆದದ್ದೂ ಇದೆ. ಇಷ್ಟೆಲ್ಲ ಆದ ಮೇಲೆ ಕೋಣೆಯ ನೆತ್ತಿಯಲ್ಲಿ ದುಂಡಗಿನ ಒಂದು ತೂತು, ಅದಕ್ಕೆ ಮೇಲಿನಿಂದ ಕಲ್ಲಿನ ಮುಚ್ಚಳ.

ನೆತ್ತಿಯ ತೂತು. ಈಗ ನಾನು ದನದ ಹತ್ತಿರ ಯಾಕೆ ನಿಂತೆ ಗೊತ್ತಾಯಿತಲ್ವಾ?

ಮಲಬಾರಿನ ಜನ ಇವನ್ನು ಪಾಂಡುಕುಳಿ ಎನ್ನುತ್ತಿದ್ದರು. ಬ್ಯಾಬಿಂಗ್ಟನ್ ಎಂಬ ಇಂಗ್ಲಿಷಿನವ ಅದೇ ಹೆಸರು ಹಿಡಿದು ಬರೆದದ್ದು 1823ರಲ್ಲಿ ಅಚ್ಚಾಯಿತು. ನಮ್ಮ ದೇಶದ ದೊಡ್ಡ ಕಲ್ಲಿನ ಗೋರಿಗಳ ಬಗ್ಗೆ ಬಂದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಅಂದರೆ ಈ ಓದು ಶುರುವಾದದ್ದೇ ಮುರಕಲ್ಲಿನ ನಾಡಿನಿಂದ. ಮುನಿಯರ ಎಂಬ ಹೆಸರೂ ಇದೆ, ಮುನಿಗಳ ಕೋಣೆ ಎಂದು. ತ್ರಿಶೂರು ಜಿಲ್ಲೆಯ ಚೇರಮನಂಗಾಡಿನಲ್ಲಿ ಕೊಡೆಕಲ್ಲುಗಳ ಒಂದು ಬಯಲೇ ಉಂಟು. ನಾಲ್ಕು ಮುರಕಲ್ಲುಗಳನ್ನು ಒಳಕ್ಕೆ ವಾಲಿಸಿ ನಿಲ್ಲಿಸಿ, ಅದರ ಮೇಲೆ ಓಲೆಕೊಡೆಯಂಥ ಕಲ್ಲು ಕೂರಿಸಿದ್ದಾರೆ. ಕಾಲಿಲ್ಲದೆ ಕೊಡೆ ಮಾತ್ರ ನೆಲದ ಮೇಲೆ ಇದ್ದರೆ ಅದು ಟೊಪ್ಪಿಕಲ್ಲು. ಅದೇ ಜಿಲ್ಲೆಯ ಅರಿಯನ್ನೂರಿನಲ್ಲೂ ಕೊಡೆಕಲ್ಲುಗಳು ಇವೆ. ನಮ್ಮದೇ ಜಿಲ್ಲೆಯ ತೆಂಕಣ ಭಾಗದಲ್ಲಿ, ಉಮ್ಮಿಚ್ಚಿಪೊಯಿಲಿನಲ್ಲಿ ಕೊರೆದ ಕೋಣೆಗಳು ಸಿಕ್ಕಿವೆ. ಚೀಮೇನಿ ಕಡೆಯ ಅರಿಯಿಟ್ಟಪಾರೆಯಲ್ಲಿ ಮುರಕಲ್ಲಿನ ಮೇಲೆ ಕೆತ್ತಿದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. ಹಾಗಾಗಿ ಪದವಿನಲ್ಲಿ ನಡೆಯುವಾಗ ಕಾಲ ಕೆಳಗಿನ ಕಲ್ಲನ್ನೂ ನೋಡಿಕೊಂಡು ನಡೆಯಿರಿ.

ಒಂದು ಸಣ್ಣ ತಿದ್ದುಪಡಿ. ಇವರನ್ನು ಆದಿಮಾನವರು ಎನ್ನಬೇಡಿ. ಸುಮಾರು ಕ್ರಿ.ಪೂ. 1000ದಿಂದ ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳ ತನಕದ ಜನ. ಕೈಯಲ್ಲಿ ಕಬ್ಬಿಣದ ಉಳಿ, ಕೊಡಲಿ ಇತ್ತು. ಕಬ್ಬಿಣ ಇಲ್ಲದೆ ಈ ಕಲ್ಲಿನಲ್ಲಿ ಅಷ್ಟು ನುಣುಪಾದ ಗುಮ್ಮಟ ಕೊರೆಯುವುದು ಆಗಹೋಗುವ ಮಾತಲ್ಲ. ದೂರದಿಂದ ಬಂದ ಕೆಂಪು ಮಣಿ ಅವರ ಕತ್ತಿನಲ್ಲಿತ್ತು. ನಮ್ಮ ಮುತ್ತಜ್ಜನ ಮುತ್ತಜ್ಜಂದಿರು ಅಂದುಕೊಂಡರೆ ಹುಡುಕುವ ಕೈಯೂ ಸ್ವಲ್ಪ ಮೆತ್ತಗಾಗುತ್ತದೆ.

ಇದೇ ಪ್ರಶ್ನೆಯನ್ನು ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ ಕಡೆಯ ಕನ್ನಡದವರು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಕರಿಕಲ್ಲಿನ ನೆಲ. ಕೊರೆಯಲು ಆಗದು, ಆದರೆ ಬಂಡೆಯ ಪದರ ಎಬ್ಬಿಸಿ ಚಪ್ಪಡಿ ಮಾಡಬಹುದು. ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಮನೆಗಳ ಒಂದು ಹಿಂಡೇ ಇದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೋರೇರ ಮನೆಗಳ ಹೆಸರಂತೂ ನೀವು ಕೇಳಿರುತ್ತೀರಿ. ಪುರಾತತ್ವದ ಪಂಡಿತ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲಿನ ವೃತ್ತಗಳ ಗೋರಿಗಳೂ ಸಿಕ್ಕಿದವು. ಆ ಸೀಮೆಯಲ್ಲಿ ದುಂಡು ಕಲ್ಲುಗುಪ್ಪೆ ಕಂಡರೆ ನಾನು ಎದ್ದು ಕೂರುತ್ತೇನೆ. ನಮ್ಮ ಪದವಿನಲ್ಲಿ ದುಂಡು ದಿಬ್ಬ ಕಂಡರೆ ಮೊದಲು ಪಕ್ಕದ ಮನೆಯವರನ್ನು ಕೇಳುತ್ತೇನೆ.

ಈ ಬುದ್ಧಿ ಬಂದದ್ದು ನಾನೇ ಒಂದು ಸಲ ಮುಖಭಂಗ ಮಾಡಿಕೊಂಡ ಮೇಲೆ. ವಯಸ್ಸು ಚಿಕ್ಕದಿತ್ತು, ಉಮೇದು ಜಾಸ್ತಿ ಇತ್ತು. ಪೈವಳಿಕೆ ಕಡೆಯ ಒಂದು ಪದವಿನಲ್ಲಿ ನಿಮ್ಮದರಂಥದ್ದೇ ದಿಬ್ಬ ಕಂಡಿತು. ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಟೇಪು ಹಿಡಿದು ಅಳೆದೆ, ದಿಕ್ಕು ನೋಡಿದೆ, ಚಿತ್ರ ಬರೆದೆ. ಕಬ್ಬಿಣ ಯುಗ ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೂ ಆಯಿತು. ಅಲ್ಲೇ ಒಬ್ಬರು ಅಜ್ಜಿ ಮುಳಿ ಕೊಯ್ಯುತ್ತಿದ್ದರು. ತುಂಬಾ ಹೊತ್ತು ನಮ್ಮನ್ನೇ ನೋಡಿ, ಕೊನೆಗೆ ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು: “ಎಂತ ಮಾರಾಯ ಅಳೆಯುವುದು? ಅದು ನಮ್ಮ ಮಾವ ಪಳ್ಳದ ಕೆಸರು ತೆಗೆಸಿ ಹಾಕಿದ್ದು. ನನ್ನ ಮದುವೆಯ ಮರುವರ್ಷ.” ಐವತ್ತು ಹೆಜ್ಜೆ ಆಚೆ ಪಳ್ಳ, ಅಂದರೆ ಮಳೆನೀರು ನಿಲ್ಲುವ ಹೊಂಡ, ಇತ್ತು. ಬೇಸಗೆಯಾದ ಕಾರಣ ಒಣಗಿತ್ತು. ನಾವು ಅದನ್ನು ದಾಟಿಕೊಂಡೇ ಬಂದಿದ್ದೆವು.

ಅಂದಿನಿಂದ ಯಾವ ದಿಬ್ಬ ಕಂಡರೂ ನನ್ನ ಮೊದಲ ಪ್ರಶ್ನೆ ಒಂದೇ. ಈ ಮಣ್ಣು ಎಲ್ಲಿಂದ ಬಂತು?

ನಿಮ್ಮ ದಿಬ್ಬಕ್ಕೆ ಲೆಕ್ಕ ಹಾಕಿ ನೋಡೋಣ. ಹನ್ನೆರಡು ಹೆಜ್ಜೆ ಎಂದರೆ ಸುಮಾರು 9 ಮೀಟರ್. ಸೊಂಟದೆತ್ತರ ಎಂದರೆ 1 ಮೀಟರ್ ಎಂದಿಟ್ಟುಕೊಳ್ಳಿ. ಮಗುಚಿದ ತಟ್ಟೆಯ ಆಕಾರ. ಒಳಗೆ ಹೆಚ್ಚುಕಡಿಮೆ 32 ಘನ ಮೀಟರ್ ಮಣ್ಣು ಇರಬೇಕು. 100 ಘನ ಅಡಿಯ ಸಣ್ಣ ಟಿಪ್ಪರಿನಲ್ಲಿ ಹನ್ನೊಂದು ಲೋಡು. ಬುಟ್ಟಿಯಲ್ಲಿ ಹೊರುವುದಾದರೆ, 20 ಲೀಟರಿನ ಬುಟ್ಟಿ ಹಿಡಿದರೆ, 1,600 ಬುಟ್ಟಿ. ಈಗ ಒಂದು ಕೊರೆದ ಕೋಣೆ ತೆಗೆದುಕೊಳ್ಳಿ. ಎರಡೂವರೆ ಮೀಟರ್ ಅಗಲದ ಗುಮ್ಮಟ, ಮುಂದೆ ಎರಡು ಮೀಟರ್ ಉದ್ದದ ಸಣ್ಣ ಅಂಗಳ. ಎರಡನ್ನೂ ಕೊರೆದರೆ ಹೊರಗೆ ಬರುವ ಕಲ್ಲುಪುಡಿ 7 ಘನ ಮೀಟರ್‌ನ ಆಸುಪಾಸು. ಅಂದರೆ ನಿಮ್ಮ ದಿಬ್ಬ ಒಂದು ಕೋಣೆಯ ಪುಡಿಯಿಂದ ಆದದ್ದಲ್ಲ. ಅದರ ನಾಲ್ಕು ಪಟ್ಟಿಗಿಂತ ದೊಡ್ಡದು. ಹಾಗಾದರೆ ಉಳಿದ ಮಣ್ಣು ಎಲ್ಲಿಯದು? ಸುತ್ತಮುತ್ತ ನೂರು ಹೆಜ್ಜೆಯೊಳಗೆ ಪಳ್ಳ ಇದೆಯಾ, ಹಳೆಯ ಕಲ್ಲುಕೋರೆ ಇದೆಯಾ, ಗೇರು ನೆಡುವಾಗ ಜೆಸಿಬಿ ಬಂದಿತ್ತಾ, ರಸ್ತೆ ತಟ್ಟು ಮಾಡಿದ್ದರಾ, ನೋಡಿ. ಕೋರೆಯ ಮೇಲ್ಮಣ್ಣನ್ನು ತೆಗೆದು ಒಂದು ಕಡೆ ರಾಶಿ ಹಾಕುವುದು ಮಾಮೂಲು. ಹತ್ತು ಮಳೆಗಾಲ ಕಳೆದರೆ ಅಂಥ ರಾಶಿಯೂ ದುಂಡಗಾಗುತ್ತದೆ, ಮೇಲೆ ಮುಳಿ ಬೆಳೆಯುತ್ತದೆ. ನೋಡಿದರೆ ಸಾವಿರ ವರ್ಷದ್ದು ಅನಿಸಬೇಕು, ಹಾಗಿರುತ್ತದೆ.

ಇದರಲ್ಲಿ ಒಂದು ವಿನಾಯಿತಿ ಇದೆ. ಮುರಕಲ್ಲಿನ ನಾಡಿನಲ್ಲೂ ಕಲ್ಲಿನ ವೃತ್ತ ಇಟ್ಟು, ಒಳಗೆ ದೊಡ್ಡ ಹರವಿ ಹೂತ ಗೋರಿಗಳು ಇವೆ. ತ್ರಿಶೂರು ಜಿಲ್ಲೆಯ ಪೋರ್ಕಳಂನಲ್ಲಿ 1948ರಲ್ಲಿ ಅಗೆದದ್ದು ಅಂಥದ್ದು. ಆ ಹರವಿಗೆ ಮಲಯಾಳದಲ್ಲಿ ನನ್ನಂಗಾಡಿ ಎನ್ನುತ್ತಾರೆ. ಹಾಗಾಗಿ ದಿಬ್ಬದ ಅಂಚಿನಲ್ಲಿ ಒಂದು ಸುತ್ತು ಬನ್ನಿ. ಹುಲ್ಲಿನ ಬುಡದಲ್ಲಿ ಕಲ್ಲುಗಳು ಸಾಲಾಗಿ, ನೆಟ್ಟಗೆ, ಒಂದೇ ಅಂತರದಲ್ಲಿ ಇವೆಯಾ? ಇದ್ದರೆ ನನ್ನ ಮೇಲಿನ ಮಾತನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಕಲ್ಲು ಕೀಳಬೇಡಿ, ಕೈಯಲ್ಲಿ ಮುಟ್ಟಿ ಎಣಿಸಿದರೆ ಸಾಕು. ದಿಬ್ಬದ ನೆತ್ತಿಯಲ್ಲಿ ತಟ್ಟೆಯಂಥ ಗುಳಿ ಇದೆಯಾ ಎಂದೂ ನೋಡಿ. ಇಂಗ್ಲೆಂಡಿನಲ್ಲಾದರೂ ಇಲ್ಲಿಯಾದರೂ ನಿಧಿ ಹುಡುಕುವವರು ನಡುವಿನಿಂದಲೇ ಶುರುಮಾಡುವುದು.

ಈಗ ತೂತಿಗೆ ಬರೋಣ.

ನಮ್ಮ ಜಿಲ್ಲೆಯಲ್ಲಿ ನೆಲದಲ್ಲಿ ತೂತು ಕಂಡ ಕೂಡಲೇ ಗೋರಿ ಎಂದು ಕುಣಿಯುವ ಹಾಗಿಲ್ಲ. ನಮ್ಮದು ಸುರಂಗದ ನಾಡು. ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಿಮ್ಮ ತೋಟದಲ್ಲೇ ಒಂದು ಇರಬಹುದು. ಕೆಲವು ಸುರಂಗಗಳಿಗೆ ಗಾಳಿಗೆ, ಮಣ್ಣು ಎತ್ತುವುದಕ್ಕೆ ಮೇಲಿನಿಂದ ಬಾವಿಯಂಥ ತೂತು ಇರುತ್ತದೆ. ಹಾಗಾಗಿ ಮೊದಲು ಇಳಿಜಾರಿನ ಕಡೆ ಹೋಗಿ ಸುರಂಗದ ಬಾಯಿ ಇದೆಯಾ ನೋಡಿ. ಇದ್ದರೆ ಅದು ಯಾವ ದಿಕ್ಕಿಗೆ ಹೋಗಿದೆ, ಎಷ್ಟು ಕೋಲು ಹೋಗಿದೆ ಎಂದು ಮನೆಯವರನ್ನು ಕೇಳಿ. ಕೊರೆದವರ ಮಕ್ಕಳಿಗಾದರೂ ನೆನಪಿರುತ್ತದೆ. ಇನ್ನೊಂದು ಸಾಧ್ಯತೆ, ನೀರೇ ಮಾಡಿದ ಟೊಳ್ಳು. ಮುರಕಲ್ಲಿನ ಅಡಿಯ ಶೇಡಿಮಣ್ಣು ಮಳೆನೀರಿನಲ್ಲಿ ಕೊಚ್ಚಿಹೋಗಿ ಒಳಗೆ ಕೊಳವೆಯ ಹಾಗೆ ಖಾಲಿಯಾಗುತ್ತದೆ. ಮೇಲಿನ ಕಲ್ಲು ತೆಳುವಾದ ಕಡೆ ಒಂದು ದಿನ ಕುಸಿಯುತ್ತದೆ. ಇದು ಅಪಾಯದ್ದು. ಮನೆಯ ಹತ್ತಿರವೇ ಆದರೆ ಗೋರಿಗಿಂತ ಇದರ ಚಿಂತೆ ಹೆಚ್ಚು ಮಾಡಬೇಕು.

ಇವನ್ನು ಬೇರೆ ಮಾಡಿ ಗುರುತಿಸಲು ತೂತಿನ ಅಂಚು ಸಾಕು. ನೀರು ಮಾಡಿದ ತೂತಿಗೆ ಅಂಚು ಹರಿದ ಬಟ್ಟೆಯ ಹಾಗೆ. ಬಿರುಕು ಹೋದ ಕಡೆ ಅದೂ ಹೋಗಿರುತ್ತದೆ. ಸುರಂಗದ ಗಾಳಿತೂತು ನೇರಕ್ಕೆ ಬಾವಿಯ ಹಾಗೆ ಇಳಿಯುತ್ತದೆ, ಮೇಲೆ ಎಷ್ಟು ಅಗಲವೋ ಕೆಳಗೂ ಅಷ್ಟೇ. ಗೋರಿಯ ನೆತ್ತಿಯ ತೂತು ದುಂಡಗೆ, ಅಂಚು ಸಮ. ಕೆಳಕ್ಕೆ ಹೋದ ಹಾಗೆ ಅಗಲವಾಗುತ್ತಾ ಹೋಗುತ್ತದೆ, ಗಂಟೆಯ ಒಳಮೈಯ ಹಾಗೆ. ಗೋಡೆಯಲ್ಲಿ ಉಳಿಯ ಏಟಿನ ಗೆರೆಗಳು ಗಿಡ್ಡವಾಗಿ, ಓರೆಯಾಗಿ ಕಾಣುತ್ತವೆ. ಈಗಿನ ಕಲ್ಲು ಕಡಿಯುವ ಮಿಷನಿನ ಗೆರೆಯಾದರೆ ಉದ್ದಕ್ಕೆ, ಒಂದಕ್ಕೊಂದು ಸಮನಾಗಿ ಇರುತ್ತದೆ. ಒಮ್ಮೆ ಕಣ್ಣು ಪಳಗಿದರೆ ತಪ್ಪುವುದಿಲ್ಲ.

ನೋಡುವಾಗ ಜಾಗ್ರತೆ. ತೂತಿನ ಕೆಳಗೆ ಕೋಣೆ ಇದ್ದರೆ ನೀವು ನಿಂತಿರುವುದು ಅದರ ಮಾಡಿನ ಮೇಲೆ. ಎರಡು ಸಾವಿರ ಮಳೆಗಾಲ ತಡೆದ ಮಾಡು ನಿಮ್ಮ ಭಾರಕ್ಕೆ ಕುಸಿಯಲಾರದು ಎಂಬ ಧೈರ್ಯ ಬೇಡ. ಒಬ್ಬರೇ ಹೋಗಬೇಡಿ. ಮುಚ್ಚಿದ ಕಲ್ಲನ್ನು ದೂರದಿಂದ ಸರಿಸಿ. ಒಂದು ಉದ್ದ ಬಿದಿರಿನ ಕೋಲಿಗೆ ಮೊಬೈಲನ್ನು ಗಟ್ಟಿಯಾಗಿ ಕಟ್ಟಿ, ಟಾರ್ಚು ಉರಿಸಿ, ವಿಡಿಯೋ ಆನ್ ಮಾಡಿ ಮೆಲ್ಲ ಇಳಿಸಿ ಸುತ್ತ ತಿರುಗಿಸಿ. ನೀವು ಇಳಿಯಬೇಡಿ, ಮಕ್ಕಳನ್ನಂತೂ ಇಳಿಸಲೇಬೇಡಿ. ಒಳಗೆ ಮುಳ್ಳುಹಂದಿ ಇರಬಹುದು, ಹಾವು ಇರಬಹುದು. ಅವಕ್ಕಿಂತ ಕೆಟ್ಟದ್ದು ಒಳಗೆ ನಿಂತ ಗಾಳಿ.

ನೀವು ಇಷ್ಟು ಮಾಡುವ ಮೊದಲೇ ಪದವು ತಾನಾಗಿ ಸುಳಿವು ಕೊಡುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಕೋಣೆಯ ಎದುರಿನ ಅಂಗಳ ಕಾಲಕ್ರಮೇಣ ಮಣ್ಣು ತುಂಬಿ ನೆಲದ ಮಟ್ಟಕ್ಕೆ ಬಂದಿರುತ್ತದೆ. ಕಣ್ಣಿಗೆ ಬರೀ ಬಯಲು. ಆದರೆ ಸುತ್ತ ಎರಡು ಬೆರಳು ಮಣ್ಣು ಇರುವಲ್ಲಿ ಆ ಒಂದು ಚೌಕದಲ್ಲಿ ಮಾತ್ರ ಆಳ ಮಣ್ಣು. ಮಳೆಗಾಲದಲ್ಲಿ ಗೊತ್ತಾಗುವುದಿಲ್ಲ, ಆಗ ಇಡೀ ಪದವು ಹಸಿರು. ಮಳೆ ನಿಂತ ಮೇಲೆ ನೋಡಿ. ನವೆಂಬರ್, ಡಿಸೆಂಬರ್ ಹೊತ್ತಿಗೆ ತೆಳು ಮಣ್ಣಿನ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಳ ಮಣ್ಣಿನ ಹುಲ್ಲು ಇನ್ನೂ ಕೆಲವು ದಿನ ಹಸಿರಾಗಿಯೇ ನಿಲ್ಲುತ್ತದೆ. ನಿಮ್ಮ ತೂತಿನಿಂದ ನಾಲ್ಕೈದು ಹೆಜ್ಜೆಯೊಳಗೆ ಯಾವುದಾದರೂ ಒಂದು ಬದಿಗೆ ಚಾಪೆ ಹಾಸಿದಷ್ಟು ಜಾಗ, ನೇರ ಅಂಚಿನ ಚೌಕವಾಗಿ, ಸುತ್ತಲಿನದಕ್ಕಿಂತ ಹಸಿರಾಗಿ ಕಂಡರೆ ಅಲ್ಲೇ ನಿಲ್ಲಿ. ಪ್ರಕೃತಿಗೆ ನೇರ ಗೆರೆ ಎಳೆಯುವ ಅಭ್ಯಾಸ ಕಡಿಮೆ. ಜನವರಿ, ಫೆಬ್ರವರಿಯಲ್ಲಿ ಯಾರಾದರೂ ಮುಳಿಗೆ ಬೆಂಕಿ ಹಾಕಿದ್ದರೆ ಮರುದಿನ ಬೆಳಿಗ್ಗೆ ಏಳು ಗಂಟೆಯೊಳಗೆ ಹೋಗಿ. ಓರೆ ಬಿಸಿಲಿನಲ್ಲಿ ಸಣ್ಣ ತಗ್ಗಿಗೂ ನೆರಳು ಬರುತ್ತದೆ. ಮಧ್ಯಾಹ್ನ ಹೋದರೆ ಏನೂ ಕಾಣದು, ತಲೆನೋವು ಮಾತ್ರ ಸಿಗುತ್ತದೆ. ಇದಕ್ಕಾಗಿ ನೀವೇ ಬೆಂಕಿ ಹಾಕಲು ಹೋಗಬೇಡಿ ಮತ್ತೆ.

ಜೋರು ಮಳೆ ಬರುವಾಗ ಇನ್ನೊಂದು ಪರೀಕ್ಷೆ ಆಗುತ್ತದೆ. ಚಪ್ಪಟೆ ಕಲ್ಲಿನ ಮೇಲೆ ನೀರು ನಿಲ್ಲಬೇಕು, ಇಲ್ಲವೇ ಇಳಿಜಾರಿಗೆ ಹರಿಯಬೇಕು. ಎರಡೂ ಆಗದೆ ಒಂದು ಕಡೆ ಸುತ್ತಿ ಮಾಯವಾದರೆ ಕೆಳಗೆ ಖಾಲಿ ಇದೆ. ದನ ಮೇಯಿಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ‘ಇಲ್ಲಿ ನಡೆದರೆ ಡುಬ್ ಡುಬ್ ಅನ್ನುತ್ತದೆ’ ಎಂದು ಅವರು ತೋರಿಸಿದ ಜಾಗಗಳನ್ನು ನಾನು ಎಂದೂ ತಳ್ಳಿಹಾಕಿಲ್ಲ.

ಲೋಹ ಹುಡುಕುವ ಯಂತ್ರ ತರಲಾ ಎಂದು ನೀವು ಕೇಳಿಲ್ಲ, ಒಳ್ಳೆಯದು. ಮುರಕಲ್ಲಿನಲ್ಲೇ ಕಬ್ಬಿಣ ತುಂಬಿದೆ. ಯಂತ್ರ ಸುಮ್ನೆ ಕಿರುಚುತ್ತದೆ. ಅದನ್ನು ನೋಡಿದ ಊರಿನವರು ನಿಧಿ ಸಿಕ್ಕಿತು ಎಂದು ಸುದ್ದಿ ಹಬ್ಬಿಸುತ್ತಾರೆ.

ಗೂಗಲ್ ಅರ್ಥ್ ಉಪಯೋಗ ಇದೆ, ಆದರೆ ನೀವು ಬಳಸಿದ ರೀತಿಯಲ್ಲಿ ಅಲ್ಲ. ಮೇಲಿನಿಂದ ದುಂಡಗೆ ಕಾಣುವುದು ಬೇಕಾದಷ್ಟಿದೆ. ಗೇರುಮರದ ನೆರಳು, ಒಣಗಿದ ಪಳ್ಳ, ಬೆಂಕಿ ಬಿದ್ದ ಜಾಗ, ಹುಡುಗರು ಬೈಕು ಸುತ್ತಿಸಿದ್ದು, ಎಲ್ಲವೂ ದುಂಡಗೆಯೇ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ತೆರೆದರೆ ಮೇಲೆ ಗಡಿಯಾರದ ಗುರುತು ಇದೆ. ಅದನ್ನು ಒತ್ತಿ ಹಳೆಯ ಚಿತ್ರಗಳಿಗೆ ಹೋಗಿ. ಸಿಗುವ ಅತಿ ಹಳೆಯ ಚಿತ್ರದಲ್ಲಿ ದಿಬ್ಬವೇ ಇಲ್ಲದಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಇದ್ದರೆ, ಮಳೆಗಾಲ ಮುಗಿದ ಕೂಡಲೇ ತೆಗೆದ ಚಿತ್ರವನ್ನೂ ಏಪ್ರಿಲ್‌ನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ದಿಬ್ಬ ಬಿಟ್ಟು ತೂತಿನ ಸುತ್ತ ನೋಡಿ.

ನೆಲದ ಮೇಲೆ ಮಡಕೆ ಚೂರು ಸಿಗಬಹುದು. ಸಿಕ್ಕಿದ್ದೆಲ್ಲ ಹಳೆಯದಲ್ಲ. ಹಂಚಿನ ಚೂರು ಇದ್ದರೆ ಅದಕ್ಕೆ ವಯಸ್ಸು ಹೇಳುವುದು ಸುಲಭ. ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ದಿಬ್ಬದ ಬದಿ ಮಳೆಗೆ ಜರಿದು, ಒಳಗಿನಿಂದ ಅಂಥ ಹಂಚು ಇಣುಕುತ್ತಿದ್ದರೆ ದಿಬ್ಬ ಅದಕ್ಕಿಂತ ಈಚಿನದು. ಬೇರೆ ಸಾಕ್ಷಿ ಬೇಡ. ಗೋರಿಯ ಮಡಕೆ ಬೇರೆ ತರ. ಹೊರಗೆ ಕೆಂಪು, ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಮೈ ನುಣುಪು. ಕವುಚಿ ಇಟ್ಟು ಸುಟ್ಟಾಗ ಒಳಗೆ ಗಾಳಿ ಆಡದೆ ಕಪ್ಪಾಗುತ್ತದೆ, ಹೊರಗೆ ಗಾಳಿ ಆಡಿ ಕೆಂಪಾಗುತ್ತದೆ. ನಾಲ್ಕು ಕಾಲಿನ ಹರವಿಗಳೂ ಕೇರಳದ ಗೋರಿಗಳಲ್ಲಿ ಸಿಕ್ಕಿವೆ. ಕಾಲಿನ ತುಂಡು ಒಂದು ಸಿಕ್ಕಿದರೂ ಸಾಕು. ಮೂಳೆ ಸಿಗಲಿಲ್ಲವೆಂದು ಬೇಜಾರು ಬೇಡ. ನಮ್ಮ ಮಣ್ಣೂ ಇಂಗ್ಲೆಂಡಿನ ಹೀತಿನ ಮಣ್ಣಿನ ಹಾಗೆ ಹುಳಿ. ಮೂಳೆಯನ್ನು ತಿಂದುಹಾಕುತ್ತದೆ. ಎರಡು ನೆಲಕ್ಕೂ ಇರುವ ಹೋಲಿಕೆ ಅಷ್ಟೇ ಎನ್ನಿ. ಚೂರು ಕಂಡಲ್ಲೇ ಇರಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಮನೆಗೆ ತಂದು ಕಪಾಟಿನಲ್ಲಿ ಇಟ್ಟರೆ ಅದು ಬರೀ ಚೂರು. ಎಲ್ಲಿ ಬಿದ್ದಿತ್ತು ಎಂಬುದರಲ್ಲೇ ಅದರ ಅರ್ಧ ಬೆಲೆ ಇರುವುದು.

ಅಜ್ಜಿಯ ಮಾತಿಗೆ ಬರುತ್ತೇನೆ. ‘ಹೋಗಬೇಡ’ ಎಂದರು, ಸರಿ. ಯಾಕೆ ಎಂದರು? ಅದನ್ನು ನೀವು ಬರೆದಿಲ್ಲ. ಭೂತ ಉಂಟು ಎಂದರಾ, ಪಾಂಡವರು ಇದ್ದ ಜಾಗ ಎಂದರಾ, ಬಿದ್ದರೆ ಮೇಲೆ ಬರಲಾರೆ ಎಂದರಾ? ಮೂರಕ್ಕೂ ಬೆಲೆ ಬೇರೆ ಬೇರೆ. ಪಾಂಡವರ ಹೆಸರು, ಮುನಿಯ ಹೆಸರು ಇದ್ದ ಕಡೆ ಕೊರೆದ ಕಲ್ಲು ಇರುವ ಸಂಭವ ಹೆಚ್ಚು. ಯಾರು ಮಾಡಿದ್ದೆಂದು ಗೊತ್ತಿಲ್ಲದ ದೊಡ್ಡ ಕೆಲಸವನ್ನೆಲ್ಲ ನಮ್ಮ ಜನ ಪಾಂಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಬಿದ್ದರೆ ಬರಲಾರೆ ಎಂದಿದ್ದರೆ ಅದು ಕಂಡು ಹೇಳಿದ ಮಾತು. ಅಜ್ಜಿಯ ಓರಗೆಯವರು ಯಾರಾದರೂ ಇದ್ದರೆ ಹೋಗಿ ಕೇಳಿ. ಆ ಜಾಗಕ್ಕೆ ಏನು ಹೆಸರು ಎಂದು ತುಳುವಿನಲ್ಲೂ ಮಲಯಾಳದಲ್ಲೂ ಕೇಳಿ. ನಮ್ಮೂರಿನ ಒಂದೊಂದು ಮೂಲೆಗೆ ಮೂರು ಭಾಷೆಯಲ್ಲಿ ಮೂರು ಹೆಸರು. ಅದರಲ್ಲಿ ಒಂದಾದರೂ ಗುಟ್ಟು ಬಿಟ್ಟುಕೊಡುತ್ತದೆ.

ಇನ್ನು ಅಗೆಯುವ ಮಾತು. ಬೇಡ ಎನ್ನಲು ಮೊದಲ ಕಾರಣ ಕಾನೂನಲ್ಲ. ಕೋಣೆಯೊಳಗೆ ಮಡಕೆಗಳನ್ನು ಹೇಗೆ ಇಟ್ಟಿದ್ದಾರೆ, ಯಾವುದು ಜಗಲಿಯ ಮೇಲೆ, ಯಾವುದು ಬಾಗಿಲ ಹತ್ತಿರ, ಮಣ್ಣು ಯಾವ ಪದರದಲ್ಲಿ ಒಳಗೆ ಬಂತು, ಇದೆಲ್ಲ ಒಂದೇ ಸಲ ಓದಲು ಸಿಗುವ ಪುಟ. ಹಾರೆ ಹಾಕಿದರೆ ಪುಟ ಹರಿದ ಹಾಗೆ. ಕಾನೂನೂ ಇದೆ. ಕೇರಳದಲ್ಲಿ ಹಳೆಯ ಸ್ಮಾರಕಗಳಿಗೆ 1968ರ ಕಾಯ್ದೆ ಇದೆ, ನೆಲದಲ್ಲಿ ಸಿಗುವ ನಿಧಿಗೂ ಅದೇ ವರ್ಷದ ಇನ್ನೊಂದು ಕಾಯ್ದೆ ಇದೆ. 1972ರ ಕೇಂದ್ರದ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಸಿಕ್ಕಿದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದು, ಮಾರುವುದು ಎರಡೂ ತೊಂದರೆಗೆ ದಾರಿ.

ಯಾರಿಗೆ ಹೇಳಬೇಕು? ಮೊದಲು ಆ ಪದವು ಯಾರದ್ದು ಎಂದು ವಿಲೇಜ್ ಆಫೀಸಿನಲ್ಲಿ ತಿಳಿದುಕೊಳ್ಳಿ. ನಿಮ್ಮ ತೋಟಕ್ಕೆ ಹೊಂದಿದ ಕುಮ್ಕಿಯಾ, ಸರಕಾರಿ ಪುರಂಬೋಕಾ, ಇನ್ನೊಬ್ಬರ ಪಟ್ಟೆ ಜಾಗವಾ, ಗೊತ್ತಿರಬೇಕು. ಆಮೇಲೆ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ, ಪ್ರತಿಯನ್ನು ಜಿಲ್ಲಾಧಿಕಾರಿಗೆ. ಕನ್ನಡದಲ್ಲೇ ಬರೆಯಿರಿ, ಅದು ನಮ್ಮ ಹಕ್ಕು. ಉತ್ತರ ಬರಲು ತಡವಾಗಬಹುದು. ಒಂದು ಕಚೇರಿಗೆ ನಾನು ಬರೆದದ್ದಕ್ಕೆ ಉತ್ತರ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು, ಅದೂ ಮಲಯಾಳದಲ್ಲಿ. ಹಾಗಾಗಿ ಜೊತೆಗೆ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರನ್ನೂ ಒಮ್ಮೆ ಕರೆದುಕೊಂಡು ಬನ್ನಿ. ಜಾಗದ ಗುರುತನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಬರೆದಿಟ್ಟುಕೊಳ್ಳಿ, ಅದರ ಜೊತೆಗೆ ಎರಡು ದೊಡ್ಡ ಮರದಿಂದ ಎಷ್ಟು ಹೆಜ್ಜೆ ಎಂದೂ ಬರೆಯಿರಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ತೂತು ಇರುವುದು ಒಂದು ಗೇಣು. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಹಾಕಿದ ವಾರದೊಳಗೆ ರಾತ್ರಿ ಟಾರ್ಚು ಹಿಡಿದವರು ಬರುತ್ತಾರೆ.

ಕೊನೆಗೆ ನಾನೇ ನಿಮಗೆ ಒಂದು ಪ್ರಶ್ನೆ ಕೇಳಬೇಕು. ದನದ ಕಾಲು ಬಿಡಿಸಿದ ಮೇಲೆ ತೂತಿಗೆ ಕಲ್ಲು ಮುಚ್ಚಿದೆವು ಎಂದಿರಲ್ಲ, ಆ ಕಲ್ಲು ಎಲ್ಲಿಂದ ತಂದಿರಿ? ಮನೆಯಿಂದ ಹೊತ್ತು ತಂದಿರಲಾರಿರಿ. ಅಲ್ಲೇ ಪಕ್ಕದಲ್ಲಿ ಬಿದ್ದಿದ್ದನ್ನು ಎಳೆದು ಹಾಕಿರಬೇಕು. ಅದು ದುಂಡಗೆ ಇದೆಯಾ, ಅಡಿ ಚಪ್ಪಟೆ ಇದೆಯಾ, ತೂತಿಗೆ ಸರಿಯಾಗಿ ಕೂತಿದೆಯಾ? ಮೊಬೈಲು ಇಳಿಸಲು ಕಲ್ಲು ಸರಿಸುವ ದಿನ ಅದನ್ನು ಮಗುಚಿ, ಅಡಿಭಾಗದ ಒಂದು ಫೋಟೋ ತೆಗೆದು ಕಳಿಸಿ. ನೀವು ಹೋದ ವರ್ಷ ಮುಚ್ಚಿದ್ದು ಅದರದ್ದೇ ಹಳೆಯ ಮುಚ್ಚಳದಿಂದ ಇರಬಹುದು.